ತಪಾಸಣೆಗೂ ಬೆಂಕಿಗೂ ನಡುವಿನ ಅರವತ್ತು ದಿನ: ಒಂದು ಸಂಶೋಧನಾ ಪ್ರಯೋಗಾಲಯದ ಪ್ರಕರಣ ಅಧ್ಯಯನ

ಪ್ರಕರಣದ ಪರಿಚಯ

2008ರ ಡಿಸೆಂಬರ್ 29ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದೊಡ್ಡ ಸಾರ್ವಜನಿಕ ವಿಶ್ವವಿದ್ಯಾಲಯವೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಬೆಂಕಿ ಹೊತ್ತಿಕೊಂಡಿತು. ಅಲ್ಲಿ ಕೆಲಸ ಮಾಡುತ್ತಿದ್ದ 23 ವರ್ಷದ ಸಂಶೋಧನಾ ಸಹಾಯಕಿಯೊಬ್ಬರ ಬಟ್ಟೆಗೆ ಬೆಂಕಿ ತಗಲಿ, ಮೈಯ ಶೇಕಡ 40ಕ್ಕಿಂತ ಹೆಚ್ಚು ಭಾಗ ಸುಟ್ಟುಹೋಯಿತು. 18 ದಿನಗಳ ಚಿಕಿತ್ಸೆಯ ನಂತರ, 2009ರ ಜನವರಿ 16ರಂದು, ಅವರು ತೀರಿಕೊಂಡರು. ಕಟ್ಟಡವನ್ನೇ ನುಂಗಿಹಾಕುವಂಥ ಬೆಂಕಿ ಅದಾಗಿರಲಿಲ್ಲ. ಆದರೂ ಅದರ ಸುತ್ತ ಎದ್ದ ಪ್ರಶ್ನೆಗಳು ವರ್ಷಗಟ್ಟಲೆ ನ್ಯಾಯಾಲಯದ ಕಡತಗಳಲ್ಲಿ ಉಳಿದವು, ಮತ್ತು ವಿಶ್ವವಿದ್ಯಾಲಯಗಳಲ್ಲಿ ಸುರಕ್ಷತೆಯ ಹೊಣೆಯನ್ನು ಯಾರು ಹೊರಬೇಕು ಎಂಬ ಚರ್ಚೆಯ ದಿಕ್ಕನ್ನೇ ಅವು ಬದಲಿಸಿದವು.

ಇಲ್ಲಿ ಸಂಬಂಧಪಟ್ಟವರ ಹೆಸರುಗಳನ್ನೂ ಸಂಸ್ಥೆಯ ಹೆಸರನ್ನೂ ಬಿಟ್ಟಿದ್ದೇನೆ. ಸರ್ಕಾರಿ ತನಿಖೆ ಮತ್ತು ನ್ಯಾಯಾಲಯದ ಕಲಾಪಗಳಿಂದ ಸಾರ್ವಜನಿಕವಾಗಿ ತಿಳಿದುಬಂದ ಸಂಗತಿಗಳನ್ನಷ್ಟೇ ತೆಗೆದುಕೊಂಡಿದ್ದೇನೆ. ಒಬ್ಬ ವ್ಯಕ್ತಿಯನ್ನು ಮತ್ತೆ ಕಟಕಟೆಗೆ ನಿಲ್ಲಿಸುವುದು ಈ ಬರಹದ ಉದ್ದೇಶವಲ್ಲ. ಬೇರೆ ಬೇರೆ ಜನ ಬೇರೆ ಬೇರೆ ದಿನಗಳಲ್ಲಿ ಕೈಗೊಂಡ, ಅಥವಾ ಕೈಗೊಳ್ಳದೇ ಬಿಟ್ಟ, ಸಣ್ಣ ಸಣ್ಣ ತೀರ್ಮಾನಗಳು ಹೇಗೆ ಒಂದರ ಮೇಲೊಂದು ಕೂಡಿಕೊಂಡವು ಎಂಬುದನ್ನು ನೋಡುವುದು ಉದ್ದೇಶ. ಪ್ರಯೋಗಾಲಯ ನಡೆಸುವವರು, ಅಲ್ಲಿ ದುಡಿಯುವವರು, ತಪಾಸಣೆಗೆ ಹೋಗುವವರು, ಈ ಮೂವರೂ ತಮ್ಮ ತಮ್ಮ ಜಾಗದಲ್ಲಿ ನಿಂತು ಇದನ್ನು ಓದಬಹುದು.

ಹಿನ್ನೆಲೆ

ಸಹಾಯಕಿ ಆ ವರ್ಷವಷ್ಟೇ ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ, ಅಕ್ಟೋಬರ್ ತಿಂಗಳಲ್ಲಿ ಈ ಪ್ರಯೋಗಾಲಯಕ್ಕೆ ಸೇರಿದ್ದರು. ಅವರು ವಿದ್ಯಾರ್ಥಿನಿಯಾಗಿರಲಿಲ್ಲ. ಸಂಬಳ ಪಡೆಯುವ ಸಿಬ್ಬಂದಿಯಾಗಿದ್ದರು. ಈ ಒಂದು ಸಂಗತಿ ಮುಂದೆ ಇಡೀ ಪ್ರಕರಣದ ಗತಿಯನ್ನು ನಿರ್ಧರಿಸಿತು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಪ್ರಾಧ್ಯಾಪಕರೂ ಆ ವಿಶ್ವವಿದ್ಯಾಲಯಕ್ಕೆ ಹೊಸಬರೇ. ಕ್ಷೇತ್ರದಲ್ಲಿ ಒಳ್ಳೆಯ ಹೆಸರಿದ್ದ ಅವರು ತಮ್ಮ ತಂಡವನ್ನು ಅಲ್ಲಿ ಆಗಷ್ಟೇ ಕಟ್ಟಿಕೊಳ್ಳುತ್ತಿದ್ದರು.

ಸಹಾಯಕಿ ಮಾಡಬೇಕಿದ್ದುದು ಸಾವಯವ ಸಂಶ್ಲೇಷಣೆಯಲ್ಲಿ ಪರಿಚಿತವಾದ ಒಂದು ಕ್ರಿಯೆ. ವಿನೈಲ್ ಬ್ರೋಮೈಡಿಗೆ ಟರ್ಟ್-ಬ್ಯೂಟೈಲ್ ಲಿಥಿಯಂ ಸೇರಿಸಿ ವಿನೈಲ್ ಲಿಥಿಯಂ ತಯಾರಿಸಿ, ಅದನ್ನು ಮುಂದಿನ ಹಂತದಲ್ಲಿ ಒಂದು ಕೀಟೋನ್ ಜೊತೆ ವರ್ತಿಸುವಂತೆ ಮಾಡಬೇಕಿತ್ತು. ಸೇರಿದ ಕೆಲವೇ ದಿನಗಳಲ್ಲಿ, ಅಕ್ಟೋಬರ್ 17ರಂದು, ಅವರು ಇದೇ ಕ್ರಿಯೆಯನ್ನು ಸಣ್ಣ ಪ್ರಮಾಣದಲ್ಲಿ ಮಾಡಿದ್ದರು, ಮತ್ತು ಆಗ ಯಾವ ಅನಾಹುತವೂ ಆಗಲಿಲ್ಲ. ಅಪಘಾತವಿಲ್ಲದೆ ಮುಗಿದ ಮೊದಲ ಯತ್ನ ಸುರಕ್ಷಿತವಾಗಿಯೇ ನಡೆದಿತ್ತು ಎಂದು ಎಲ್ಲರೂ ಸಹಜವಾಗಿ ಅಂದುಕೊಳ್ಳುತ್ತಾರೆ. ಆದರೆ ಅಂದು ಅವರು ಸಿರಿಂಜನ್ನು ಹೇಗೆ ಹಿಡಿದರು, ಏನು ತೊಟ್ಟಿದ್ದರು, ಸುತ್ತ ಯಾವ ದ್ರಾವಕಗಳು ತೆರೆದಿದ್ದವು ಎಂಬುದನ್ನು ಯಾರಾದರೂ ಪಕ್ಕದಲ್ಲಿ ನಿಂತು ನೋಡಿ, ಇವರು ಈ ಕೆಲಸವನ್ನು ಒಬ್ಬರೇ ಮಾಡಬಲ್ಲರು ಎಂದು ಬರೆದಿಟ್ಟ ದಾಖಲೆ ಇರಲಿಲ್ಲ. ಪ್ರಕರಣದ ಮೊದಲ ತಿರುವನ್ನು ನಾನು ಇಲ್ಲಿಯೇ ಗುರುತಿಸುತ್ತೇನೆ. ಯಶಸ್ವಿಯಾದ ಫಲಿತಾಂಶವನ್ನು ಎಲ್ಲರೂ ನೋಡಿದರು, ಅದನ್ನು ಪಡೆದ ವಿಧಾನವನ್ನು ಪರಿಶೀಲಿಸಿದ ಕುರುಹು ಮಾತ್ರ ಉಳಿಯಲಿಲ್ಲ.

ವಸ್ತುವಿನ ಸ್ವಭಾವ

ಟರ್ಟ್-ಬ್ಯೂಟೈಲ್ ಲಿಥಿಯಂ ಗಾಳಿಗೆ ಸೋಕಿದ ಕೂಡಲೇ ತಾನಾಗಿ ಹೊತ್ತಿಕೊಳ್ಳುವ ವಸ್ತು. ಬೆಂಕಿಗೆ ಉರಿಯುವ ವಸ್ತು, ಆಮ್ಲಜನಕ ಮತ್ತು ಕಿಡಿ ಅಥವಾ ಶಾಖ, ಈ ಮೂರೂ ಬೇಕು ಎಂದು ನಾವು ಶಾಲೆಯಿಂದಲೂ ಕಲಿತಿದ್ದೇವೆ, ಮತ್ತು ಬೆಂಕಿ ತಡೆಯುವ ಹೆಚ್ಚಿನ ಕ್ರಮಗಳೂ ಕಿಡಿಯನ್ನು ದೂರವಿಡುವುದರ ಮೇಲೆಯೇ ನಿಂತಿವೆ. ಬರ್ನರ್ ಹಚ್ಚಬೇಡಿ, ಹಳೆಯ ವೈರಿಂಗ್ ಬದಲಿಸಿ, ದ್ರಾವಕಗಳನ್ನು ಮನೆಬಳಕೆಯ ಫ್ರಿಜ್‌ನಲ್ಲಿ ಇಡಬೇಡಿ ಎನ್ನುವ ಎಚ್ಚರಿಕೆಗಳೆಲ್ಲ ಆ ಬಗೆಯವು. ಇಲ್ಲಿ ಆ ರಕ್ಷಣೆ ಕೆಲಸ ಮಾಡುವುದಿಲ್ಲ, ಏಕೆಂದರೆ ವಸ್ತುವೇ ಕಿಡಿ. ಮೇಲಾಗಿ ಅದು ಸಿಗುವುದು ಪೆಂಟೇನ್ ಎಂಬ ದ್ರಾವಕದಲ್ಲಿ ಕರಗಿಸಿದ ದ್ರಾವಣದ ರೂಪದಲ್ಲಿ. ಪೆಂಟೇನ್ 36 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳಬಲ್ಲ ಆವಿಯನ್ನು ಬಿಡುತ್ತದೆ. ಕಿಡಿಯೂ ಇಂಧನವೂ ಒಂದೇ ಬಾಟಲಿಯಲ್ಲಿವೆ, ಉಳಿದ ಮೂರನೆಯದಾದ ಆಮ್ಲಜನಕ ಕೋಣೆಯ ತುಂಬ ಇದೆ.

ಹೀಗಿರುವಾಗ ಉಳಿಯುವ ದಾರಿಗಳು ಕೆಲವೇ. ಬಾಟಲಿಯಿಂದ ಪಾತ್ರೆಗೆ ಹೋಗುವ ದಾರಿಯುದ್ದಕ್ಕೂ ಆರ್ಗಾನ್ ಅಥವಾ ನೈಟ್ರೋಜನ್‌ನಂಥ ಜಡ ಅನಿಲದ ಕವಚ ಕಾಯ್ದುಕೊಳ್ಳಬೇಕು. ಒಮ್ಮೆಗೆ ಕೈಯಲ್ಲಿ ಹಿಡಿಯುವ ಪ್ರಮಾಣ ಆದಷ್ಟು ಕಡಿಮೆಯಿರಬೇಕು. ಹುಡ್‌ನೊಳಗೆ, ಎಂದರೆ ಆವಿಯನ್ನು ಹೊರಕ್ಕೆ ಎಳೆದುಕೊಳ್ಳುವ ಗೂಡಿನೊಳಗೆ, ಬೇರೆ ದ್ರಾವಕ ಇರಕೂಡದು. ಇಷ್ಟರ ಮೇಲೂ ಹೊತ್ತಿಕೊಂಡರೆ ಮೈಗೆ ತಗಲದಂಥ ಉಡುಪು ಬೇಕು. ಇಂಥ ದ್ರಾವಣಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಸಾಗಿಸಲು ಎರಡೂ ತುದಿ ಚೂಪಾಗಿರುವ ಉದ್ದನೆಯ ಲೋಹದ ಕೊಳವೆಯನ್ನು ಬಳಸಿ, ಅನಿಲದ ಒತ್ತಡದಿಂದಲೇ ದ್ರವವನ್ನು ದಾಟಿಸಬೇಕು ಎಂಬ ಸಲಹೆ ತಯಾರಕರ ಕೈಪಿಡಿಯಲ್ಲಿಯೇ ಇತ್ತು. ಸಿರಿಂಜ್ ಬಳಸುವುದಾದರೆ ಉದ್ದನೆಯ ಸೂಜಿ ಬೇಕು, ಆಗ ಬಾಟಲಿಯನ್ನು ನೇರವಾಗಿ ನಿಲ್ಲಿಸಿಯೇ ದ್ರವವನ್ನು ಎಳೆದುಕೊಳ್ಳಬಹುದು. ಹೊಸ ಜ್ಞಾನವೇನೂ ಬೇಕಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ತಿಳಿಯಬೇಕಾದದ್ದೆಲ್ಲ ಆಗಲೇ ಅಚ್ಚಾಗಿತ್ತು, ಆದರೆ ಕೆಲಸಕ್ಕೆ ಕೈಹಾಕಿದವರ ಬಳಿಗೆ ಅದನ್ನು ತಲುಪಿಸುವ ಹೊಣೆ ಯಾರ ಹೆಸರಿನಲ್ಲಿಯೂ ಬರೆದಿರಲಿಲ್ಲ.

ಅಕ್ಟೋಬರ್ 30ರ ತಪಾಸಣೆ

ವಿಶ್ವವಿದ್ಯಾಲಯದಲ್ಲಿ ಸುರಕ್ಷತಾ ವಿಭಾಗವಿತ್ತು, ವಾರ್ಷಿಕ ತಪಾಸಣೆಯೂ ನಡೆಯುತ್ತಿತ್ತು. ಅಕ್ಟೋಬರ್ 30ರಂದು ಅದೇ ಸಂಸ್ಥೆಯ ಸುರಕ್ಷತಾ ಅಧಿಕಾರಿಗಳು ಈ ಪ್ರಯೋಗಾಲಯವನ್ನು ನೋಡಿ ಹನ್ನೆರಡಕ್ಕೂ ಹೆಚ್ಚು ನ್ಯೂನತೆಗಳನ್ನು ಪಟ್ಟಿ ಮಾಡಿದರು. ಸಿಬ್ಬಂದಿ ಲ್ಯಾಬ್ ಕೋಟ್ ತೊಡುತ್ತಿಲ್ಲ ಎಂಬುದು ಅವುಗಳಲ್ಲಿ ಒಂದು. ಸರಿಪಡಿಸಲು ಡಿಸೆಂಬರ್ 5ರ ಗಡುವು ಕೊಡಲಾಯಿತು. ಅಷ್ಟರಲ್ಲಿ ಪ್ರಯೋಗಾಲಯವನ್ನು ಬೇರೆ ಜಾಗಕ್ಕೆ ಸ್ಥಳಾಂತರಿಸುವ ಕೆಲಸ ಎದುರಾಯಿತು. ಹೊಸ ಜಾಗಕ್ಕೆ ಹೋದ ಮೇಲೆ ಎಲ್ಲವನ್ನೂ ಒಟ್ಟಿಗೇ ನೋಡೋಣ ಎಂದು ಮರುಪರಿಶೀಲನೆ ಮುಂದಕ್ಕೆ ಹೋಯಿತು. ಗಡುವು ಕಳೆಯಿತು, ಸಂಶೋಧನೆ ಮಾತ್ರ ನಿಲ್ಲಲಿಲ್ಲ.

ಇದು ಎರಡನೆಯ ತಿರುವು, ಮತ್ತು ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ನಡುಗಂಬ. ಮರುಪರಿಶೀಲನೆಯನ್ನು ಮುಂದೂಡಿದ ತೀರ್ಮಾನವನ್ನು ಆ ದಿನದ ಮೇಜಿನ ಮುಂದೆ ಕುಳಿತು ನೋಡಿದರೆ ಅದು ಅವಿವೇಕದ್ದಾಗಿ ಕಾಣುವುದಿಲ್ಲ. ಸಾಮಾನು ಕಟ್ಟುತ್ತಿರುವ ಪ್ರಯೋಗಾಲಯದಲ್ಲಿ ಕಪಾಟಿನ ಜೋಡಣೆ ಸರಿಯಿಲ್ಲ ಎಂದು ಮತ್ತೊಮ್ಮೆ ಬರೆಯುವುದರಲ್ಲಿ ಅರ್ಥವಿಲ್ಲ. ಆದರೆ ಪಟ್ಟಿಯಲ್ಲಿದ್ದ ಎಲ್ಲ ನ್ಯೂನತೆಗಳೂ ಒಂದೇ ಜಾತಿಯವಾಗಿರಲಿಲ್ಲ. ಕಪಾಟಿನ ಜಾಗ, ಡಬ್ಬಿಗಳ ಚೀಟಿ, ಸಂಗ್ರಹಣೆಯ ಮಿತಿ ಇವು ಕೋಣೆಗೆ ಸೇರಿದವು, ಕೋಣೆ ಬದಲಾದರೆ ಅವೂ ಬದಲಾಗುತ್ತವೆ. ಲ್ಯಾಬ್ ಕೋಟ್ ತೊಡದಿರುವುದು ಮನುಷ್ಯರಿಗೆ ಸೇರಿದ್ದು. ಅದು ಅವರ ಜೊತೆಯಲ್ಲೇ ಹೊಸ ಕೋಣೆಗೂ ಹೋಗುತ್ತದೆ. ಕೋಟ್ ತರಿಸಿ ಕೊಡಲು, ನಾಳೆಯಿಂದ ತೊಡದೆ ಹುಡ್ ಮುಂದೆ ನಿಲ್ಲಬೇಡಿ ಎಂದು ಹೇಳಲು, ಸ್ಥಳಾಂತರ ಮುಗಿಯುವವರೆಗೆ ಕಾಯಬೇಕಾದ ಕಾರಣ ಒಂದೂ ಇರಲಿಲ್ಲ. ಹನ್ನೆರಡಕ್ಕೂ ಹೆಚ್ಚು ಅಂಶಗಳ ಪಟ್ಟಿಯಲ್ಲಿ ಜೀವಕ್ಕೆ ಎರವಾಗಬಲ್ಲ ಒಂದು ಅಂಶವೂ ಗುಮಾಸ್ತಿಕೆಯ ಅಂಶಗಳೂ ಒಂದೇ ಅಳತೆಯ ಅಕ್ಷರದಲ್ಲಿ, ಒಂದೇ ಗಡುವಿನ ಕೆಳಗೆ ಬರೆಯಲ್ಪಟ್ಟಾಗ, ಓದುವವರು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ತಪಾಸಣೆ ಮಾಡಿದವರಿಗೆ ದೋಷ ಕಂಡಿತು, ಅವರು ಬರೆದರು, ಕಳುಹಿಸಿದರು. ಅಲ್ಲಿಗೆ ಅವರ ಕೆಲಸ ಮುಗಿಯಿತೇ? ಕೆಲಸ ನಿಲ್ಲಿಸಿ ಎಂದು ಹೇಳುವ ಅಧಿಕಾರವಿಲ್ಲದ ತಪಾಸಕರು ಪತ್ರ ಬರೆಯಬಲ್ಲರೇ ಹೊರತು ಅಪಾಯವನ್ನು ತಡೆಯಲಾರರು. ಒಬ್ಬ ಹಿರಿಯ ಪ್ರಾಧ್ಯಾಪಕರ ಪ್ರಯೋಗಾಲಯದ ಬಾಗಿಲಿಗೆ ಬೀಗ ಹಾಕಿಸುವುದು ಯಾವ ದೇಶದ ವಿಶ್ವವಿದ್ಯಾಲಯದಲ್ಲಿಯೂ ಸುಲಭದ ಮಾತಲ್ಲ. ಸಂಶೋಧನೆಗೆ ಹಣ ತರುವವರು ಅವರು, ಸಂಸ್ಥೆಯ ಹೆಸರನ್ನು ಬೆಳೆಸುವವರೂ ಅವರೇ. ಸುರಕ್ಷತಾ ವಿಭಾಗವು ಅವರಿಗೆ ನೆರವಾಗುವ ಸೇವಾ ವಿಭಾಗವೆಂದೇ ಎಲ್ಲರೂ ತಿಳಿದಿರುತ್ತಾರೆ. ಅಧಿಕಾರದ ಈ ಅಸಮತೋಲ ಯಾವ ವರದಿಯ ಯಾವ ಕಾಲಮ್ಮಿನಲ್ಲಿಯೂ ಕಾಣುವುದಿಲ್ಲ.

ಮುನ್ಸೂಚನೆ ಅದೊಂದೇ ಆಗಿರಲಿಲ್ಲ. ಸುಮಾರು ಒಂದು ವರ್ಷ ಮೊದಲು, 2007ರ ನವೆಂಬರ್‌ನಲ್ಲಿ, ಅದೇ ವಿಶ್ವವಿದ್ಯಾಲಯದಲ್ಲಿ ಎಥನಾಲ್ ಚೆಲ್ಲಿ ಹೊತ್ತಿಕೊಂಡು ಸಂಶೋಧನಾ ವಿದ್ಯಾರ್ಥಿಯೊಬ್ಬರಿಗೆ ಗಂಭೀರ ಸುಟ್ಟ ಗಾಯಗಳಾಗಿದ್ದವು. ಅವರೂ ಲ್ಯಾಬ್ ಕೋಟ್ ತೊಟ್ಟಿರಲಿಲ್ಲ. ಒಂದು ಪ್ರಯೋಗಾಲಯದಲ್ಲಿ ನಡೆದದ್ದು ಉಳಿದ ಪ್ರಯೋಗಾಲಯಗಳಿಗೆ ಪಾಠವಾಗಬೇಕಾದರೆ ಅದನ್ನು ಹೊತ್ತುಕೊಂಡು ಹೋಗುವ ಮನುಷ್ಯರು ಬೇಕು. ಪ್ರತಿಯೊಬ್ಬ ಪ್ರಾಧ್ಯಾಪಕರ ಪ್ರಯೋಗಾಲಯವೂ ಒಂದೊಂದು ಪ್ರತ್ಯೇಕ ಮನೆಯಂತೆ ನಡೆಯುವ ಕಡೆ ಪಕ್ಕದ ಮನೆಯ ಬೆಂಕಿಯ ಸುದ್ದಿ ಬಾಗಿಲು ದಾಟಿ ಬರುವುದಿಲ್ಲ.

ಡಿಸೆಂಬರ್ 29

ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವಿನ ರಜೆಯ ದಿನಗಳು ಅವು. ಕಟ್ಟಡದಲ್ಲಿ ಜನ ಕಡಿಮೆ. ಸಹಾಯಕಿ ಅಕ್ಟೋಬರ್‌ನಲ್ಲಿ ಮಾಡಿದ್ದ ಕ್ರಿಯೆಯನ್ನು ಈ ಸಲ ಸುಮಾರು ಮೂರು ಪಟ್ಟು ಪ್ರಮಾಣದಲ್ಲಿ ಮಾಡಲು ತೊಡಗಿದ್ದರು. 60 ಮಿಲಿಲೀಟರಿನ ಪ್ಲಾಸ್ಟಿಕ್ ಸಿರಿಂಜಿಗೆ ಚಿಕ್ಕ ಸೂಜಿ ಸಿಕ್ಕಿಸಿ, ಒಂದೊಂದು ಸಲಕ್ಕೆ 50 ಮಿಲಿಲೀಟರಿನ ಆಸುಪಾಸಿನಷ್ಟು ದ್ರಾವಣವನ್ನು ಎಳೆದುಕೊಳ್ಳಬೇಕಿತ್ತು. ನೈಟ್ರೈಲ್ ಕೈಗವಸು ಹಾಕಿದ್ದರು, ಲ್ಯಾಬ್ ಕೋಟ್ ಇರಲಿಲ್ಲ, ಸಿಂಥೆಟಿಕ್ ನೂಲಿನ ಸ್ವೆಟರ್ ತೊಟ್ಟಿದ್ದರು. ದ್ರಾವಣ ಎಳೆಯುತ್ತಿದ್ದಾಗ ಸಿರಿಂಜಿನ ಒಳದಂಡ ಹೊರಕ್ಕೆ ಬಂದುಬಿಟ್ಟಿತು. ಚೆಲ್ಲಿದ ದ್ರಾವಣ ಗಾಳಿಗೆ ಸೋಕಿ ಹೊತ್ತಿತು. ಹುಡ್‌ನಲ್ಲಿದ್ದ ಹೆಕ್ಸೇನ್ ಎಂಬ ದ್ರಾವಕದ ಪಾತ್ರೆಯೂ ಉರುಳಿ ಬೆಂಕಿಗೆ ಸೇರಿಕೊಂಡಿತು. ಕೈಗವಸಿನಿಂದ ಸ್ವೆಟರಿಗೆ ಬೆಂಕಿ ಹರಡಲು ಕ್ಷಣಗಳು ಸಾಕಾದವು. ಸಿಂಥೆಟಿಕ್ ಬಟ್ಟೆ ಉರಿಯುತ್ತಲೇ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಪ್ರಮಾಣ ಹೆಚ್ಚಿಸುವ ತೀರ್ಮಾನವನ್ನು ಮೂರನೆಯ ತಿರುವೆಂದು ಕರೆಯಬೇಕು. ಮೂರು ಪಟ್ಟು ಎಂದರೆ ಕಾಗದದ ಮೇಲೆ ಬರಿಯ ಗುಣಾಕಾರ. ಹುಡ್‌ನ ಮುಂದೆ ಹಾಗಲ್ಲ. ಸಣ್ಣ ಪ್ರಮಾಣಕ್ಕೆ ಒಗ್ಗುವ ಸಿರಿಂಜ್ ದೊಡ್ಡ ಪ್ರಮಾಣಕ್ಕೆ ತಪ್ಪು ಸಾಧನವಾಗುತ್ತದೆ. ಒಳದಂಡವನ್ನು ಹಿಂದಕ್ಕೆ ಎಳೆಯುತ್ತ ಹೋದಂತೆ ಅದು ನಳಿಕೆಯ ತುದಿಗೆ ಬರುತ್ತದೆ, ಹಿಡಿತ ಸಡಿಲವಾಗುತ್ತದೆ, ಮತ್ತು ಚಿಕ್ಕ ಸೂಜಿಯಿದ್ದಾಗ ಬಾಟಲಿಯನ್ನು ಓರೆ ಮಾಡಿಯೋ ಮೇಲೆತ್ತಿಯೋ ಹಿಡಿಯಬೇಕಾಗಿ ಎರಡೂ ಕೈಗಳು ಸಿಕ್ಕಿಬೀಳುತ್ತವೆ. ಒಂದು ಪ್ರಯೋಗದ ಪ್ರಮಾಣ ಹೆಚ್ಚಿಸುವಾಗಲೆಲ್ಲ ಅದನ್ನು ಹೊಸ ಪ್ರಯೋಗವೆಂದೇ ಎಣಿಸಿ ಅಪಾಯವನ್ನು ಮತ್ತೆ ಅಂದಾಜು ಮಾಡಬೇಕು ಎಂಬ ನಿಯಮ ಇದ್ದಿದ್ದರೆ, ಯಾರಾದರೂ ಒಬ್ಬರು ಇಷ್ಟನ್ನು ಸಾಗಿಸಲು ನೀವು ಏನು ಬಳಸುತ್ತೀರಿ ಎಂದು ಆ ಬೆಳಿಗ್ಗೆಯೇ ಕೇಳಬೇಕಾಗುತ್ತಿತ್ತು. ಆ ಒಂದು ಪ್ರಶ್ನೆಗೆ ಐದು ನಿಮಿಷವೂ ಬೇಡ. ನಾಲ್ಕು ಜನ ಹಿರಿಯರು ಓಡಾಡುತ್ತಿರುವ ಸಾಮಾನ್ಯ ದಿನದಲ್ಲಿ ಯಾರಾದರೂ ಹಾಗೆ ಕೇಳಿಯೂ ಇರಬಹುದಿತ್ತು. ರಜೆಯ ದಿನ ಆ ಅವಕಾಶವನ್ನೂ ಕಸಿದುಕೊಂಡಿತು.

ಬೆಂಕಿ ಹೊತ್ತಿದ ಮೇಲೆ

ಅದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಪೋಸ್ಟ್‌ಡಾಕ್ಟರಲ್ ಸಂಶೋಧಕರೊಬ್ಬರು ಓಡಿಬಂದು ತಮ್ಮ ಲ್ಯಾಬ್ ಕೋಟನ್ನೇ ಬಳಸಿ ಉರಿಯನ್ನು ತಣಿಸಲು ಯತ್ನಿಸಿದರು. ಹತ್ತಿರದ ಸಿಂಕಿನಿಂದ ನೀರು ತಂದು ಸುರಿಯಲಾಯಿತು, ತುರ್ತು ಸೇವೆಗೆ ಕರೆ ಹೋಯಿತು. ಸರಪಳಿ ಎಳೆದರೆ ತಲೆಯ ಮೇಲಿಂದ ನೀರು ಸುರಿಸುವ ಸೇಫ್ಟಿ ಶವರ್ ಪ್ರಯೋಗಾಲಯದಲ್ಲಿದ್ದರೂ ಅದು ಮಾತ್ರ ಬಳಕೆಯಾಗಲಿಲ್ಲ.

ನೆರವಿಗೆ ಧಾವಿಸಿದವರನ್ನು ಇದಕ್ಕಾಗಿ ದೂರುವುದು ಅನ್ಯಾಯ. ಕಣ್ಣೆದುರು ಮನುಷ್ಯರು ಉರಿಯುತ್ತಿರುವಾಗ ಯಾರೂ ಯೋಚಿಸಿ ನಡೆಯುವುದಿಲ್ಲ. ಕೈಕಾಲುಗಳು ಮೊದಲೇ ಕಲಿತದ್ದನ್ನು ಮಾಡುತ್ತವೆ, ಕಲಿಯದಿದ್ದರೆ ಹತ್ತಿರ ಸಿಕ್ಕಿದ್ದನ್ನು ಹಿಡಿಯುತ್ತವೆ. ಬಟ್ಟೆಗೆ ಹೊತ್ತಿಕೊಂಡವರನ್ನು ಕೂಡಲೇ ಶವರಿನ ಕೆಳಗೆ ಎಳೆದು ನಿಲ್ಲಿಸಬೇಕು, ಶವರ್ ಕೆಲವು ಹೆಜ್ಜೆಗಳ ಒಳಗಿಲ್ಲದಿದ್ದರೆ ನೆಲಕ್ಕೆ ಕೆಡವಿ ಉರುಳಿಸಬೇಕು ಎಂಬುದು ಅಭ್ಯಾಸದಿಂದ ಮಾತ್ರ ಬರುವಂಥದು. ಲಿಥಿಯಂ ಸಂಯುಕ್ತಗಳಿಗೆ ನೀರು ಸೋಕಿದರೆ ಇನ್ನಷ್ಟು ಉರಿಯುತ್ತದೆ ಎಂಬ ಪಾಠವನ್ನು ರಸಾಯನಶಾಸ್ತ್ರದವರು ಎಷ್ಟು ಚೆನ್ನಾಗಿ ಕಲಿತಿರುತ್ತಾರೆಂದರೆ, ಆ ಗಳಿಗೆಯಲ್ಲಿ ಅದೇ ಅವರ ಕೈಯನ್ನು ಹಿಂದಕ್ಕೆ ಎಳೆಯಬಹುದು. ಚೆಲ್ಲಿರುವ ರಾಸಾಯನಿಕವನ್ನು ಮೇಜಿನ ಮೇಲೆ ಆರಿಸಲು ಒಣ ಮರಳೋ ಒಣ ಪುಡಿಯೋ ಬೇಕು ಎಂಬುದು ನಿಜ. ಆದರೆ ಮನುಷ್ಯರ ಮೈಮೇಲೆ ಉರಿಯುತ್ತಿರುವುದು ಬಹುಪಾಲು ಬಟ್ಟೆ ಮತ್ತು ದ್ರಾವಕ, ಅದಕ್ಕೆ ಧಾರಾಳವಾದ ನೀರೇ ಮದ್ದು. ಈ ವ್ಯತ್ಯಾಸವನ್ನು ಬೆಂಕಿ ಬೀಳುವ ಮೊದಲೇ, ಶವರಿನ ಕೆಳಗೆ ನಿಲ್ಲಿಸಿ, ಸರಪಳಿ ಎಳೆಸಿ ಕಲಿಸಬೇಕು. ಗೋಡೆಗೆ ಅಂಟಿಸಿದ ಚಿತ್ರದಿಂದ ಅದು ಕೈಗೆ ಬರುವುದಿಲ್ಲ.

ತನಿಖೆ ಮತ್ತು ಮೊಕದ್ದಮೆ

2009ರ ಮೇ ತಿಂಗಳಲ್ಲಿ ರಾಜ್ಯದ ಔದ್ಯೋಗಿಕ ಸುರಕ್ಷತಾ ಇಲಾಖೆ ವಿಶ್ವವಿದ್ಯಾಲಯಕ್ಕೆ 31,875 ಡಾಲರ್ ದಂಡ ವಿಧಿಸಿತು. ತರಬೇತಿ ನೀಡಿದ್ದಕ್ಕೆ ದಾಖಲೆಯಿಲ್ಲ, ತಪಾಸಣೆಯಲ್ಲಿ ಕಂಡ ದೋಷಗಳನ್ನು ಸರಿಪಡಿಸಲಿಲ್ಲ, ಸೂಕ್ತ ರಕ್ಷಣಾ ಉಡುಪು ತೊಡುವಂತೆ ನೋಡಿಕೊಳ್ಳಲಿಲ್ಲ ಎಂಬವು ಕಾರಣಗಳು. ಸಹಾಯಕಿ ಅನುಭವವಿದ್ದ ರಸಾಯನಶಾಸ್ತ್ರಜ್ಞೆ, ತಮಗೆ ಬೇಕಾದದ್ದನ್ನು ಬಲ್ಲವರಾಗಿದ್ದರು ಎಂಬುದು ಪ್ರಾಧ್ಯಾಪಕರ ಕಡೆಯ ವಾದವಾಗಿತ್ತು. ಆ ವಾದದಲ್ಲಿರುವ ತೊಡಕು ಸ್ಪಷ್ಟ. ಒಬ್ಬರು ಬುದ್ಧಿವಂತರು, ಚೆನ್ನಾಗಿ ಓದಿದವರು ಎಂಬುದು ಒಂದು ನಿರ್ದಿಷ್ಟ ವಸ್ತುವನ್ನು ಒಂದು ನಿರ್ದಿಷ್ಟ ವಿಧಾನದಲ್ಲಿ ಕೈಯಾಡಿಸಲು ಕಲಿತಿದ್ದಾರೆ ಎಂಬುದಕ್ಕೆ ಸಾಕ್ಷಿಯಲ್ಲ. ಪ್ರಯೋಗಾಲಯಗಳಲ್ಲಿ ನಾವು ಪ್ರತಿಭೆಯನ್ನು ತರಬೇತಿಯ ಜಾಗದಲ್ಲಿ ಕೂರಿಸಿಬಿಡುತ್ತೇವೆ.

2011ರ ಡಿಸೆಂಬರ್ 27ರಂದು ಜಿಲ್ಲಾ ಸರ್ಕಾರಿ ವಕೀಲರು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮೇಲೆಯೂ ಪ್ರಾಧ್ಯಾಪಕರ ಮೇಲೆಯೂ ಕಾರ್ಮಿಕ ಸುರಕ್ಷತಾ ನಿಯಮಗಳನ್ನು ಬೇಕೆಂದೇ ಮೀರಿದ ಕ್ರಿಮಿನಲ್ ಆರೋಪಗಳನ್ನು ಹೊರಿಸಿದರು. ಸಾಬೀತಾದರೆ ಪ್ರಾಧ್ಯಾಪಕರಿಗೆ ನಾಲ್ಕೂವರೆ ವರ್ಷದವರೆಗೆ ಸೆರೆಯಾಗುವ ಸಾಧ್ಯತೆಯಿತ್ತು. ಅಮೆರಿಕದ ಶೈಕ್ಷಣಿಕ ಪ್ರಯೋಗಾಲಯದ ಅಪಘಾತವೊಂದಕ್ಕೆ ಇಂಥ ಮೊಕದ್ದಮೆ ಹೂಡಿದ್ದು ಇದೇ ಮೊದಲೆಂದು ಪರಿಗಣಿಸಲಾಗುತ್ತದೆ. 2012ರ ಜುಲೈನಲ್ಲಿ ಆಡಳಿತ ಮಂಡಳಿಯೊಂದಿಗೆ ಒಪ್ಪಂದವಾಯಿತು. ಘಟನೆಯ ದಿನ ಪ್ರಯೋಗಾಲಯ ಯಾವ ಸ್ಥಿತಿಯಲ್ಲಿ ನಡೆಯುತ್ತಿತ್ತೋ ಅದರ ಹೊಣೆಯನ್ನು ಅದು ಒಪ್ಪಿಕೊಂಡಿತು, ಮೃತರ ಹೆಸರಿನಲ್ಲಿ 5,00,000 ಡಾಲರಿನ ವಿದ್ಯಾರ್ಥಿವೇತನ ಸ್ಥಾಪಿಸಿತು, ತನ್ನ ಎಲ್ಲ ಆವರಣಗಳ ರಸಾಯನಶಾಸ್ತ್ರ ವಿಭಾಗಗಳಲ್ಲಿ ವಿಸ್ತಾರವಾದ ಸುರಕ್ಷತಾ ಕ್ರಮಗಳನ್ನು ಜಾರಿಗೆ ತರಲು ಒಪ್ಪಿತು. ಪ್ರಾಧ್ಯಾಪಕರೊಂದಿಗಿನ ಒಪ್ಪಂದ 2014ರ ಜೂನ್‌ನಲ್ಲಿ ಆಯಿತು. ಸುಟ್ಟಗಾಯಗಳ ಚಿಕಿತ್ಸಾ ಕೇಂದ್ರವೊಂದಕ್ಕೆ 10,000 ಡಾಲರ್, 800 ಗಂಟೆಗಳ ಸಮುದಾಯ ಸೇವೆ, ನಗರದ ಹಿಂದುಳಿದ ಪ್ರದೇಶಗಳ ವಿದ್ಯಾರ್ಥಿಗಳಿಗೆ ಸಾವಯವ ರಸಾಯನಶಾಸ್ತ್ರದ ಪಾಠ, ಇವು ಅದರ ಷರತ್ತುಗಳು. 2018ರಲ್ಲಿ ಆರೋಪಗಳನ್ನು ಕೈಬಿಡಲಾಯಿತು.

ಈ ಫಲಿತಾಂಶ ಸಾಲದು ಎಂದವರಿದ್ದಾರೆ, ಅತಿಯಾಯಿತು ಎಂದವರೂ ಇದ್ದಾರೆ. ಮೃತರ ಕುಟುಂಬಕ್ಕೆ ಯಾವ ತೀರ್ಪೂ ಸಾಕಾಗಲಾರದು ಎಂಬುದನ್ನು ಗೌರವದಿಂದ ಒಪ್ಪಿಕೊಂಡೇ ಹೇಳುತ್ತೇನೆ: ಶಿಕ್ಷೆಯ ಪ್ರಮಾಣಕ್ಕಿಂತ ಹೆಚ್ಚಿನ ಪರಿಣಾಮ ಮಾಡಿದ್ದು ಆರೋಪಪಟ್ಟಿಯಲ್ಲಿ ಒಂದು ಹೆಸರು ಬಂದ ಸಂಗತಿ. ಅಲ್ಲಿಯವರೆಗೆ ಪ್ರಯೋಗಾಲಯದ ಸುರಕ್ಷತೆಯು ಸಂಸ್ಥೆಯ ಹೊಣೆ ಎಂಬ ಮಾತಿನಲ್ಲಿ ಕರಗಿಹೋಗುತ್ತಿತ್ತು. ಸಂಸ್ಥೆ ಎಂದರೆ ಸುರಕ್ಷತಾ ವಿಭಾಗ ಎಂದು ಪ್ರಾಧ್ಯಾಪಕರು ತಿಳಿಯುತ್ತಿದ್ದರು, ಪ್ರಾಧ್ಯಾಪಕರು ಎಂದು ಸುರಕ್ಷತಾ ವಿಭಾಗ ತಿಳಿಯುತ್ತಿತ್ತು.

ನೌಕರರು ಮತ್ತು ವಿದ್ಯಾರ್ಥಿಗಳು

ಮೊಕದ್ದಮೆ ನಿಂತದ್ದು ಸಹಾಯಕಿ ಸಂಬಳದ ನೌಕರಳಾಗಿದ್ದ ಕಾರಣಕ್ಕೆ. ಔದ್ಯೋಗಿಕ ಸುರಕ್ಷತೆಯ ಕಾನೂನು ರಕ್ಷಿಸುವುದು ಉದ್ಯೋಗಿಗಳನ್ನು. ಅದೇ ಹುಡ್‌ನ ಮುಂದೆ, ಅದೇ ಸಿರಿಂಜ್ ಹಿಡಿದು, ಸಂಬಳವಿಲ್ಲದ ವಿದ್ಯಾರ್ಥಿನಿಯೊಬ್ಬಳು ನಿಂತಿದ್ದರೆ ಆ ಇಲಾಖೆಯ ಕೈ ಅಷ್ಟು ದೂರ ಚಾಚುತ್ತಿರಲಿಲ್ಲ. ಈ ಸಂಗತಿಯನ್ನು ಎಷ್ಟು ಸಲ ಓದಿದರೂ ನನಗೆ ಸಮಾಧಾನವಾಗುವುದಿಲ್ಲ. ಬೆಂಕಿ ಹಾಜರಿ ಪುಸ್ತಕ ನೋಡಿ ಹೊತ್ತುವುದಿಲ್ಲ, ಮತ್ತು ಪ್ರಯೋಗಾಲಯದಲ್ಲಿ ಅತಿ ಹೆಚ್ಚು ಹೊತ್ತು, ಅತಿ ಕಡಿಮೆ ಅನುಭವದೊಂದಿಗೆ, ಅತಿ ಕಡಿಮೆ ಎದುರುತ್ತರ ಕೊಡುವ ಸ್ಥಿತಿಯಲ್ಲಿ ನಿಲ್ಲುವವರು ವಿದ್ಯಾರ್ಥಿಗಳೇ.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ಹೊರಗಿನದಲ್ಲ. ಆ ಘಟನೆ ನಡೆದು ಸರಿಯಾಗಿ ಒಂದು ವರ್ಷಕ್ಕೆ, 2009ರ ಡಿಸೆಂಬರ್ 29ರಂದು, ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ರಸಾಯನಶಾಸ್ತ್ರ ಪ್ರಯೋಗಾಲಯವೊಂದರಲ್ಲಿ ಬೆಂಕಿ ಹೊತ್ತಿ ಇಬ್ಬರು ಯುವ ಸಂಶೋಧಕರು ತೀರಿಕೊಂಡರು. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಪ್ರಯೋಗಾಲಯದಲ್ಲಿ ಅನಿಲ ಸಿಲಿಂಡರ್ ಸ್ಫೋಟಿಸಿ ಒಬ್ಬ ಯುವ ಸಂಶೋಧಕರು ಸ್ಥಳದಲ್ಲಿಯೇ ಮೃತಪಟ್ಟರು, ಮೂವರು ಗಾಯಗೊಂಡರು. ಅವರು ಆವರಣದಲ್ಲಿ ಕೆಲಸ ಮಾಡುತ್ತಿದ್ದ ನವೋದ್ಯಮವೊಂದಕ್ಕೆ ಸೇರಿದವರಾಗಿದ್ದರು. ಒಂದೇ ಛಾವಣಿಯ ಕೆಳಗೆ ಸಂಸ್ಥೆಯ ಸಿಬ್ಬಂದಿ, ಫೆಲೋಶಿಪ್ ಪಡೆಯುವ ಸಂಶೋಧನಾ ವಿದ್ಯಾರ್ಥಿಗಳು, ಯೋಜನಾ ಸಹಾಯಕರು, ನವೋದ್ಯಮದ ನೌಕರರು, ಗುತ್ತಿಗೆಯ ಮೇಲೆ ಬರುವ ಸ್ವಚ್ಛತಾ ಕೆಲಸಗಾರರು ಎಲ್ಲರೂ ಓಡಾಡುವ ಈ ಕಾಲದಲ್ಲಿ ಯಾರ ಸುರಕ್ಷತೆಗೆ ಯಾರು ಹೊಣೆ ಎಂಬುದನ್ನು ನೇಮಕಾತಿ ಪತ್ರ ನೋಡಿ ನಿರ್ಧರಿಸಲು ಹೊರಟರೆ ಯಾರಾದರೂ ಒಬ್ಬರು ಪಟ್ಟಿಯ ಹೊರಗೆ ಉಳಿದೇ ಉಳಿಯುತ್ತಾರೆ. 1948ರ ಕಾರ್ಖಾನೆ ಕಾಯ್ದೆ ಉತ್ಪಾದನೆಯಲ್ಲಿ ತೊಡಗಿದ ಕಾರ್ಮಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡದ್ದು, ಸಂಶೋಧನಾ ವಿದ್ಯಾರ್ಥಿಗಳು ಆ ಚಿತ್ರದಲ್ಲಿರಲಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೆಯ ಭಾಗವು ಕಟ್ಟಡದ ಬೆಂಕಿ ಸುರಕ್ಷತೆಯನ್ನು ವಿವರವಾಗಿ ಹೇಳುತ್ತದೆ, ರಾಸಾಯನಿಕ ಪ್ರಯೋಗಾಲಯಗಳ ಸುರಕ್ಷತೆಗೆಂದೇ ಐಎಸ್ 4209 ಎಂಬ ಭಾರತೀಯ ಮಾನಕವಿದೆ. ಆದರೆ ಕಟ್ಟಡ ಸಂಹಿತೆ ಮೆಟ್ಟಿಲ ಅಗಲವನ್ನು ನಿರ್ಧರಿಸಬಲ್ಲದು, ಇವತ್ತು ಬೆಳಿಗ್ಗೆ ಯಾರು ಯಾವ ಬಾಟಲಿ ತೆರೆಯುತ್ತಾರೆ ಎಂಬುದನ್ನಲ್ಲ.

ಬದಲಾದದ್ದು ಮತ್ತು ಅಳವಡಿಸಿಕೊಳ್ಳಬಹುದಾದದ್ದು

ಘಟನೆಯ ನಂತರ ಆ ವಿಶ್ವವಿದ್ಯಾಲಯದಲ್ಲಿ ತಪಾಸಣೆಗಳು ಹೆಚ್ಚಾದವು, ಗಂಭೀರ ದೋಷಗಳನ್ನು ಸರಿಪಡಿಸುವ ಗಡುವನ್ನು ಬಹಳ ಕಡಿಮೆ ಮಾಡಲಾಯಿತು, ತಾನಾಗಿ ಹೊತ್ತಿಕೊಳ್ಳುವ ವಸ್ತುಗಳನ್ನು ಬಳಸುವವರಿಗೆ ಬೆಂಕಿ ತಡೆಯುವ ಬಟ್ಟೆಯ ಲ್ಯಾಬ್ ಕೋಟ್ ಕಡ್ಡಾಯವಾಯಿತು. 2011ರಲ್ಲಿ ಪ್ರಯೋಗಾಲಯ ಸುರಕ್ಷತೆಯನ್ನೇ ಸಂಶೋಧನಾ ವಿಷಯವಾಗಿ ತೆಗೆದುಕೊಳ್ಳುವ ಒಂದು ಕೇಂದ್ರವೂ ಅಲ್ಲಿ ಹುಟ್ಟಿತು. ಯಾವ ನಿಯಮ ನಿಜವಾಗಿ ಕೆಲಸ ಮಾಡುತ್ತದೆ, ಯಾವುದು ಬರಿಯ ಸಹಿ ಹಾಕಿಸಿಕೊಳ್ಳುತ್ತದೆ ಎಂಬುದನ್ನು ಅಳೆದು ನೋಡಬೇಕು ಎಂಬ ವಿಚಾರ ಆ ಕೇಂದ್ರದ ಹಿಂದಿದೆ, ಮತ್ತು ಅದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ.

ನಮ್ಮ ಪ್ರಯೋಗಾಲಯಗಳು ಈ ಪ್ರಕರಣದಿಂದ ತೆಗೆದುಕೊಳ್ಳಬಹುದಾದ ಕ್ರಮಗಳಲ್ಲಿ ಹಣ ಬೇಡುವಂಥವು ಕಡಿಮೆ. ಮೊದಲನೆಯದು ತಪಾಸಣಾ ವರದಿಯ ರೂಪವನ್ನು ಬದಲಿಸುವುದು. ಸಾವಿಗೆ ಅಥವಾ ಗಂಭೀರ ಗಾಯಕ್ಕೆ ದಾರಿಯಾಗಬಲ್ಲ ದೋಷವನ್ನು ಉಳಿದವುಗಳ ಜೊತೆ ಬೆರೆಸದೆ ಪ್ರತ್ಯೇಕ ಹಾಳೆಯಲ್ಲಿ ಬರೆಯಬೇಕು, ಅದರ ಮುಂದೆ ಒಬ್ಬ ವ್ಯಕ್ತಿಯ ಹೆಸರಿರಬೇಕು, ಅದು ಸರಿಯಾಗುವವರೆಗೆ ಸಂಬಂಧಪಟ್ಟ ಕೆಲಸ ನಿಲ್ಲಬೇಕು. ಇಡೀ ಪ್ರಯೋಗಾಲಯವನ್ನು ಮುಚ್ಚುವ ಅಗತ್ಯ ಬರುವುದೇ ಅಪರೂಪ. ಲ್ಯಾಬ್ ಕೋಟ್ ಇಲ್ಲವೆಂದರೆ ಹೊತ್ತಿಕೊಳ್ಳುವ ವಸ್ತುಗಳ ಕೆಲಸವಷ್ಟೇ ನಿಂತರೆ ಸಾಕು, ಕೋಟ್ ಆ ವಾರವೇ ಬರುತ್ತದೆ. ಕೆಲಸ ನಿಲ್ಲಿಸುವ ಈ ಅಧಿಕಾರವನ್ನು ಸುರಕ್ಷತಾ ಅಧಿಕಾರಿಗೆ ನಿರ್ದೇಶಕರ ಸಹಿಯುಳ್ಳ ಆದೇಶದ ಮೂಲಕ ಕೊಟ್ಟಿರಬೇಕು, ಏಕೆಂದರೆ ಕಿರಿಯ ಅಧಿಕಾರಿಯೊಬ್ಬರು ಹಿರಿಯ ಪ್ರಾಧ್ಯಾಪಕರ ಎದುರು ಕಾಗದವಿಲ್ಲದೆ ನಿಲ್ಲಲಾರರು.

ಎರಡನೆಯದು ಕೈಕೆಲಸದ ಒಪ್ಪಿಗೆ. ಪ್ರತಿಯೊಂದು ಪ್ರಯೋಗಾಲಯವೂ ತನ್ನಲ್ಲಿರುವ ಅತಿ ಅಪಾಯದ ನಾಲ್ಕಾರು ಕೆಲಸಗಳನ್ನು ಹೆಸರಿಸಿ, ಅವುಗಳನ್ನು ಒಬ್ಬರೇ ಮಾಡಲು ಯಾರಿಗೆ ಒಪ್ಪಿಗೆಯಿದೆ ಎಂದು ಬರೆದಿಡಬಹುದು. ಒಪ್ಪಿಗೆ ಕೊಡುವ ಹಿರಿಯರು ಪಕ್ಕದಲ್ಲಿ ನಿಂತು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡಿರಬೇಕು. ಮೊದಲು ನೀರನ್ನೋ ಶುದ್ಧ ದ್ರಾವಕವನ್ನೋ ಬಳಸಿ ಸಾಗಿಸುವುದನ್ನು ಅಭ್ಯಾಸ ಮಾಡಿಸಬಹುದು, ಅದರಿಂದ ಯಾರ ಸಂಶೋಧನೆಯೂ ಹಿಂದೆ ಬೀಳುವುದಿಲ್ಲ. ಒಪ್ಪಿಗೆಯಲ್ಲಿ ಪ್ರಮಾಣದ ಮಿತಿಯನ್ನೂ ನಮೂದಿಸಬೇಕು. ಆ ಮಿತಿ ದಾಟುವ ದಿನ ಮತ್ತೆ ಮಾತುಕತೆ ನಡೆಯಬೇಕು, ಮಿತಿಯೊಳಗಿದ್ದರೂ ರಜೆಯ ದಿನ ಮತ್ತು ಕತ್ತಲಾದ ಮೇಲೆ ಆ ನಾಲ್ಕಾರು ಕೆಲಸಗಳಿಗೆ ಎರಡನೆಯ ಜೋಡಿ ಕಣ್ಣುಗಳು ಕೋಣೆಯೊಳಗೆ ಇರಬೇಕು.

ತುರ್ತಿನ ಅಭ್ಯಾಸದ ವಿಚಾರದಲ್ಲಿ ನಮ್ಮ ಸಂಸ್ಥೆಗಳು ವರ್ಷಕ್ಕೊಮ್ಮೆ ಗಂಟೆ ಬಾರಿಸಿ ಎಲ್ಲರನ್ನೂ ಮೈದಾನಕ್ಕೆ ಇಳಿಸುವುದರಲ್ಲಿ ತೃಪ್ತಿ ಪಡುತ್ತವೆ. ಅದು ಬೇಕು, ಆದರೆ ಅದು ಕಟ್ಟಡಕ್ಕೆ ಬೆಂಕಿ ಬಿದ್ದಾಗಿನ ಅಭ್ಯಾಸ. ಮನುಷ್ಯರಿಗೆ ಬೆಂಕಿ ತಗಲಿದಾಗಿನ ಅಭ್ಯಾಸ ಬೇರೆ. ಪ್ರತಿ ತಂಡವೂ ತನ್ನದೇ ಕೋಣೆಯಲ್ಲಿ, ಕಣ್ಣು ಮುಚ್ಚಿದರೂ ಶವರಿನ ಬಳಿಗೆ ತಲುಪಬಲ್ಲೆವೇ ಎಂದು ನಡೆದು ನೋಡಬೇಕು. ಶವರಿನ ಕೆಳಗೆ ರಟ್ಟಿನ ಪೆಟ್ಟಿಗೆಗಳು, ಮುರಿದ ಕುರ್ಚಿಗಳು ಪೇರಿಸಿರುವುದು ನಮ್ಮಲ್ಲಿ ಅಪರೂಪದ ದೃಶ್ಯವಲ್ಲ. ಅದರಲ್ಲಿ ನೀರು ಬರುತ್ತದೆಯೇ ಎಂದು ಬಕೆಟ್ ಹಿಡಿದು ನೋಡುವ ಕೆಲಸವನ್ನು ತಿಂಗಳಿಗೊಬ್ಬರಂತೆ ಹಂಚಿಕೊಳ್ಳಬಹುದು, ನೋಡಿದವರು ದಿನಾಂಕ ಬರೆದು ಸಹಿ ಹಾಕಬೇಕು.

ಉಡುಪಿನ ವಿಷಯ ಕೊನೆಗೆ ಬಂದರೂ ಸಣ್ಣದಲ್ಲ. ನಮ್ಮ ಸೆಕೆಯಲ್ಲಿ ಉದ್ದ ತೋಳಿನ ಕೋಟ್ ತೊಟ್ಟು ದಿನವಿಡೀ ನಿಲ್ಲುವುದು ಕಷ್ಟ. ಹಾಗಾಗಿ ಜನ ಅದನ್ನು ಕಳಚಿಡುತ್ತಾರೆ, ಇಲ್ಲವೇ ಅಗ್ಗದ ಪಾಲಿಯೆಸ್ಟರ್ ಬೆರೆತ ಬಟ್ಟೆಯದನ್ನು ಕೊಳ್ಳುತ್ತಾರೆ. ಪಾಲಿಯೆಸ್ಟರ್ ಬೆಂಕಿಯಲ್ಲಿ ಕರಗುತ್ತದೆ. ಸಾಮಾನ್ಯ ಕೆಲಸಕ್ಕೆ ಪೂರ್ತಿ ಹತ್ತಿಯ ಕೋಟ್, ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ಕೆಲಸಕ್ಕೆ ಬೆಂಕಿ ತಡೆಯುವ ಬಟ್ಟೆಯ ಕೋಟ್, ಇವೆರಡನ್ನೂ ಸಂಸ್ಥೆಯೇ ತನ್ನ ಖರ್ಚಿನಲ್ಲಿ ಕೊಡಬೇಕು, ತೊಳೆಸುವ ಏರ್ಪಾಡನ್ನೂ ಮಾಡಬೇಕು. ವಿದ್ಯಾರ್ಥಿಗಳು ತಮ್ಮ ಫೆಲೋಶಿಪ್ ಹಣದಲ್ಲಿ ಕೊಂಡುಕೊಳ್ಳಲಿ ಎಂದು ಬಿಟ್ಟರೆ ಅವರು ಕೊಳ್ಳುವುದು ಎಲ್ಲಕ್ಕಿಂತ ಅಗ್ಗದ್ದನ್ನೇ, ಮತ್ತು ಅದಕ್ಕೆ ಅವರನ್ನು ದೂರುವಂತಿಲ್ಲ. ಕಳೆದ ತಪಾಸಣೆಯಲ್ಲಿ ತೆರೆದೇ ಉಳಿದ ಅಂಶಗಳು ಯಾವುವು, ಅವು ಯಾರ ಹೆಸರಿನಲ್ಲಿವೆ ಎಂಬುದನ್ನು ವಿಭಾಗದ ಮಾಸಿಕ ಸಭೆಯ ಮೊದಲ ವಿಷಯವಾಗಿ ಓದಿಸುವ ಪದ್ಧತಿಯನ್ನು ಇದರ ಜೊತೆಗೇ ಆರಂಭಿಸಬಹುದು. ಸ್ಥಳಾಂತರವಿರಲಿ, ರಜೆಯಿರಲಿ, ಪ್ರಾಧ್ಯಾಪಕರು ಪರವೂರಿನಲ್ಲಿರಲಿ, ಆ ಓದು ತಪ್ಪಬಾರದು.